ದೂರವಾಣಿಯ ತಂತಿಯೂ ಲಿನಕ್ಸ್ ಗಣಕವೂ

ಗಣಕಯಂತ್ರಗಳು ಪರಸ್ಪರ ಮಾತನಾಡಬಲ್ಲವೆಂಬುದು ಇಂದು ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಆದರೆ ಅವು ಮೊದಮೊದಲು ಮನೆಮನೆಗಳಿಂದ ಮಾತನಾಡಿದ್ದು ಸಾಮಾನ್ಯ ದೂರವಾಣಿಯ ತಂತಿಯ ಮೂಲಕ ಎಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಗಣಕಕ್ಕೆ ತಿಳಿದಿರುವುದು ಸೊನ್ನೆ ಮತ್ತು ಒಂದು ಮಾತ್ರ. ತಂತಿಯಾದರೋ ಮನುಷ್ಯನ ಧ್ವನಿಗಾಗಿ ಏರ್ಪಟ್ಟದ್ದು. ಸೆಕೆಂಡಿಗೆ ಸುಮಾರು ೩೦೦ರಿಂದ ೩,೪೦೦ ಕಂಪನಗಳವರೆಗಿನ ನಾದವನ್ನಷ್ಟೇ ಅದು ಸಾಗಿಸುತ್ತದೆ. ಇವೆರಡರ ನಡುವಣ ದುಭಾಷಿಯೇ ಮೋಡೆಮ್. ಅಂಕಿಗಳನ್ನು ನಾದವಾಗಿ ಮಾರ್ಪಡಿಸಿ ಕಳುಹಿಸುವುದೂ, ಬಂದ ನಾದವನ್ನು ಮರಳಿ ಅಂಕಿಗಳಾಗಿ ಬಿಡಿಸುವುದೂ ಅದರ ಕೆಲಸ.

ಭಾರತದಲ್ಲಿ ೧೯೯೫ನೆಯ ಆಗಸ್ಟ್ ೧೫ರಂದು ವಿದೇಶ್ ಸಂಚಾರ ನಿಗಮವು ಜನಸಾಮಾನ್ಯರಿಗೆ ಇಂಟರ್ನೆಟ್ ಸೇವೆಯನ್ನು ತೆರೆದಾಗ, ಅದನ್ನು ಮನೆಯಿಂದ ಮುಟ್ಟುವ ದಾರಿ ಇದೇ ಆಗಿತ್ತು. ಆ ವೇಳೆಗೆ ಲಿನಕ್ಸ್ ಎಂಬ ಹೊಸ ಕಾರ್ಯಾಚರಣ ವ್ಯವಸ್ಥೆಯೂ ಹುಟ್ಟಿತ್ತು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಅದರ ತಿರುಳನ್ನು ಬರೆದು ಎಲ್ಲರಿಗೂ ಹಂಚಿದನು. ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಉಪಕರಣಗಳು ಅದರೊಡನೆ ಕೂಡಿದುವು. ಅದರ ಒಳಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇಂತಹ ವ್ಯವಸ್ಥೆಗೆ ಮೋಡೆಮನ್ನು ಜೋಡಿಸುತ್ತಿದ್ದ ಬಗೆ ಹೇಗೆಂಬುದನ್ನು ಈಗ ನೋಡೋಣ.

ಮೊದಲನೆಯದು, ಮೋಡೆಮ್ ಎಲ್ಲಿದೆ ಎಂಬುದನ್ನು ಗೊತ್ತುಮಾಡುವುದು. ಲಿನಕ್ಸಿನಲ್ಲಿ ಬಹುತೇಕ ಸಾಧನಗಳಿಗೆ ಒಂದೊಂದು ಕಡತದ ಹೆಸರುಂಟು. ವಿಂಡೋಸ್ ಯಾವುದನ್ನು 'ಕಾಮ್ ೧' ಎಂದು ಕರೆಯುವುದೋ ಆ ಸೀರಿಯಲ್ ಕಿಂಡಿಗೆ ಇಲ್ಲಿ 'ಟಿಟಿವೈಎಸ್ ೦' ಎಂದು ಹೆಸರು. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಎರಡನೆಯ ಕಿಂಡಿ 'ಟಿಟಿವೈಎಸ್ ೧' ಆಗುತ್ತದೆ. ಆ ಕಡತವನ್ನು ಬಳಸುವ ಅನುಮತಿಯೂ ಬಳಕೆದಾರನಿಗಿರಬೇಕು.

ಎರಡನೆಯದು, ಮೋಡೆಮ್ ಓಗೊಡುವುದೇ ಎಂಬ ಪರೀಕ್ಷೆ. 'ಮಿನಿಕಾಮ್' ಎಂಬ ಕಾರ್ಯಕ್ರಮವನ್ನು ತೆರೆದು 'ಎ-ಟಿ' ಎಂಬೆರಡು ಅಕ್ಷರಗಳನ್ನು ಒತ್ತಿದರೆ, ಸರಿಯಾಗಿರುವ ಮೋಡೆಮ್ 'ಓಕೆ' ಎಂದು ಉತ್ತರಿಸುತ್ತದೆ. ಅವುಗಳ ಮುಂದೆ 'ಡಿ-ಟಿ' ಎಂದೂ ದೂರವಾಣಿ ಸಂಖ್ಯೆಯನ್ನೂ ಸೇರಿಸಿದರೆ ಕರೆ ಹೊರಡುತ್ತದೆ. 'ಎ-ಟಿ-ಎಚ್' ಎಂದರೆ ಕರೆ ಮುಗಿಯುತ್ತದೆ. ಈ ಆಜ್ಞಾಭಾಷೆ ೧೯೮೧ರಲ್ಲಿ ಹೇಯ್ಸ್ ಸಂಸ್ಥೆಯ ಸ್ಮಾರ್ಟ್‌ಮೋಡೆಮಿನೊಡನೆ ಬಂದಿತು. ಇತರ ತಯಾರಕರೂ ಅದನ್ನೇ ಅನುಸರಿಸಿದ್ದರಿಂದ ಅದು ಎಲ್ಲರ ಭಾಷೆಯಾಯಿತು. ಕರೆ ಕೂಡಿದಾಗ ಕೇಳಿಬರುತ್ತಿದ್ದ ಕೀರಲು ಸದ್ದು ವ್ಯರ್ಥವಾದುದಲ್ಲ. ತಂತಿಯ ಗುಣವನ್ನು ಅಳೆದು, ಯಾವ ವೇಗದಲ್ಲಿ ಮಾತನಾಡಬಹುದೆಂದು ಎರಡು ಮೋಡೆಮುಗಳು ಒಪ್ಪಂದ ಮಾಡಿಕೊಳ್ಳುವ ಸದ್ದು ಅದು. ೧೯೮೧ರಲ್ಲಿ ಸೆಕೆಂಡಿಗೆ ೩೦೦ ಬಿಟ್ಟುಗಳಷ್ಟಿದ್ದ ವೇಗ ೧೯೯೮ರ ವೇಳೆಗೆ ೫೬,೦೦೦ಕ್ಕೆ ಏರಿತು. ಆ ವೇಗದಲ್ಲಿಯೂ ಒಂದು ಮೆಗಾಬೈಟ್ ಬರುವುದಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಕಾಲ ಬೇಕು!

ಮೂರನೆಯದು, ಕೂಡಿದ ತಂತಿಯ ಮೇಲೆ ಇಂಟರ್ನೆಟ್ಟಿನ ವ್ಯವಹಾರ ನಡೆಸುವುದು. ಇದಕ್ಕೆ ಪಿ.ಪಿ.ಪಿ. ಎಂಬ ನಿಯಮಾವಳಿಯುಂಟು. ಅದು ಹೆಸರನ್ನೂ ಗುಪ್ತಪದವನ್ನೂ ಒಪ್ಪಿಸಿ, ನಮ್ಮ ಗಣಕಕ್ಕೊಂದು ವಿಳಾಸವನ್ನು ಪಡೆದು, ಮಾಹಿತಿಯನ್ನು ಕಟ್ಟುಕಟ್ಟಾಗಿ ಸಾಗಿಸುತ್ತದೆ. 'ವಿವ್‌ಡಯಲ್' ಎಂಬ ಉಪಕರಣ ಬಂದ ಮೇಲೆ ಈ ಕೆಲಸ ಸುಲಭವಾಯಿತು. ಅದರ ಜೊತೆಗಾರ ಕಾರ್ಯಕ್ರಮವು ಕಿಂಡಿಗಳನ್ನೆಲ್ಲ ತಡಕಿ, ಮೋಡೆಮನ್ನು ಕಂಡುಹಿಡಿದು, ವಿವರವನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ಬಳಕೆದಾರನು ದೂರವಾಣಿ ಸಂಖ್ಯೆ, ಹೆಸರು, ಗುಪ್ತಪದ ಈ ಮೂರನ್ನು ತುಂಬಿದರೆ ಸಾಕು.

ಇಷ್ಟು ಸರಳವಾಗಿದ್ದರೂ ಅನೇಕರು ಎರಡನೆಯ ಮೆಟ್ಟಿಲಿನಲ್ಲಿಯೇ ಎಡವಿದರು. 'ಎ-ಟಿ' ಎಂದರೆ ಉತ್ತರವೇ ಇಲ್ಲ! ಕಾರಣವಿಷ್ಟೆ: ೧೯೯೦ರ ದಶಕದ ಉತ್ತರಾರ್ಧದಲ್ಲಿ ಬೆಲೆಯನ್ನು ಇಳಿಸುವುದಕ್ಕಾಗಿ ತಯಾರಕರು ಮೋಡೆಮಿನ ಕೆಲಸದ ಬಹುಭಾಗವನ್ನು ಬಿಲ್ಲೆಯಿಂದ ತೆಗೆದು, ಗಣಕದೊಳಗೆ ನಡೆಯುವ ತಂತ್ರಾಂಶಕ್ಕೆ ವಹಿಸಿದರು. ಆ ತಂತ್ರಾಂಶ ಸಾಮಾನ್ಯವಾಗಿ ವಿಂಡೋಸಿಗೆ ಮಾತ್ರ ಇತ್ತು. ಆದ್ದರಿಂದಲೇ ಇವುಗಳಿಗೆ 'ವಿನ್‌ಮೋಡೆಮ್' ಎಂಬ ಹೆಸರು ಬಂದಿತು. ಬೆಲೆಯಿಳಿಸಿದುದು ತಪ್ಪಲ್ಲ, ಆದರೆ ಅವು ಕೆಲಸ ಮಾಡುವ ಬಗೆಯನ್ನು ಹಲವರು ಪ್ರಕಟಿಸದೆ ಉಳಿಸಿಕೊಂಡರು. ಹಣ ಕೊಟ್ಟು ಕೊಂಡ ಸಾಧನ ಮೇಜಿನ ಮೇಲಿದ್ದರೂ ಅದರೊಡನೆ ಮಾತನಾಡುವ ಭಾಷೆ ಮಾಲೀಕನಿಗೆ ದೊರೆಯದಾಯಿತು. ನಾನಾ ದೇಶಗಳ ಸ್ವಯಂಸೇವಕರು ಕೂಡಿ ಕೆಲವು ಬಗೆಯ ವಿನ್‌ಮೋಡೆಮುಗಳನ್ನು ಲಿನಕ್ಸಿನಲ್ಲಿ ನಡೆಯುವಂತೆ ಮಾಡಿದರು; ಉಳಿದವು ನಿರುಪಯುಕ್ತವಾಗಿಯೇ ಬಿದ್ದುವು.

ಇಂದು ದೂರವಾಣಿ ಮೋಡೆಮಿನ ಕಾಲ ಬಹುಮಟ್ಟಿಗೆ ಮುಗಿದಿದೆ. ಅಮೆರಿಕದ ಎ.ಓ.ಎಲ್. ಸಂಸ್ಥೆ ೨೦೨೫ನೆಯ ಸೆಪ್ಟೆಂಬರ್ ೩೦ರಂದು ಈ ಸೇವೆಯನ್ನು ನಿಲ್ಲಿಸಿತು. ಆದರೂ ಒಂದು ಸಂಗತಿ ಗಮನಾರ್ಹವಾಗಿದೆ. ಎಲ್ಲರಿಗೂ ತಿಳಿದಿದ್ದ ಆ 'ಎ-ಟಿ' ಭಾಷೆಗೆ ಮೊಬೈಲ್ ಜಾಲದ ಮೋಡೆಮುಗಳು ಇಂದಿಗೂ ಓಗೊಡುತ್ತವೆ. ಪಿ.ಪಿ.ಪಿ. ನಿಯಮವು ರೂಪಾಂತರ ಹೊಂದಿ ಇಂದಿನ ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿಯೂ ನೆಲೆಸಿದೆ. ಮುಚ್ಚಿಟ್ಟ ಜ್ಞಾನ ಅದನ್ನು ಹೊತ್ತ ಸಾಧನದೊಡನೆಯೇ ಗುಜರಿಗೆ ಸೇರಿತು. ಹಂಚಿದ ಜ್ಞಾನ ತಂತಿಯೇ ಹೋದರೂ ಉಳಿಯಿತು. ಯಂತ್ರವನ್ನು ಕೊಳ್ಳುವಾಗ ಬೆಲೆಯನ್ನು ಕೇಳುವಂತೆಯೇ, ಅದರ ಭಾಷೆ ನಮಗೆ ದೊರೆಯುವುದೇ ಎಂದು ಕೇಳುವುದೂ ವಿದ್ಯಾವಂತರಾದ ನಮ್ಮ ಕರ್ತವ್ಯವಾಗಿದೆ.