ಊರಬಾಗಿಲಲ್ಲಿ ಮುರಿಯುವ ತನ್ಮಯತೆ

ಕಥೆಯಲ್ಲಿ ಮೈಮರೆತವನನ್ನು ತಟ್ಟಿ ಎಬ್ಬಿಸುವುದು ಯಾವುದು? ಕಾಶ್ಮೀರದ ಅಭಿನವಗುಪ್ತ ಇಂಥ ರಸವಿಘ್ನಗಳು 7 ಎಂದ. ನೋಡುವವನು ತನ್ನದೇ ಸುಖದುಃಖಕ್ಕೆ ಸಿಕ್ಕಿಬೀಳುವುದು ಅವುಗಳಲ್ಲೊಂದು. ಅಂದರೆ ನಮ್ಮ ನೋವನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರಬೇಕು! ಈ ಮಾತನ್ನು ಒಂದು ಕಂಪ್ಯೂಟರ್ ಆಟದಲ್ಲಿಟ್ಟು ನೋಡೋಣ.

2011ರಲ್ಲಿ ಬಂದ ‘ಸ್ಕೈರಿಮ್’ನಲ್ಲಿ ಆಡುವವನು ಮೊದಲು 10 ಕುಲಗಳಲ್ಲಿ ಒಂದನ್ನು ಆರಿಸಿ ಪಾತ್ರವಾಗಬೇಕು. ಬೆಕ್ಕಿನ ಮುಖದ ಖಾಜೀಟ್ ಅದರಲ್ಲೊಂದು. ಈ ಕುಲದ ವ್ಯಾಪಾರಿಗಳು ಕಳ್ಳರೆಂಬ ಅನುಮಾನಕ್ಕೆ ಊರೊಳಗೆ ಬರುವಂತಿಲ್ಲ. ಕೋಟೆಬಾಗಿಲ ಆಚೆ ಡೇರೆ ಹಾಕುತ್ತಾರೆ. ಆದರೆ ಆಡುವವನು ಖಾಜೀಟ್ ಆಗಿ ಬಂದರೆ ಅದೇ ಬಾಗಿಲಲ್ಲಿ ಒಳಹೋಗುತ್ತಾನೆ, ವೈಟ್‌ರನ್ ಎಂಬ ಊರಿನಲ್ಲಿ ಮನೆಯನ್ನೂ ಕೊಳ್ಳುತ್ತಾನೆ. ಕುಲದ ಕಾರಣಕ್ಕೆ ತಡೆಯುವವರಿಲ್ಲ.

ಹಾರುವ ಡ್ರ್ಯಾಗನ್ ಬಗ್ಗೆ ಯಾರದೂ ತಕರಾರಿಲ್ಲ. ಬಯಲಾಟದ ರಾವಣನಿಗೆ ಹತ್ತು ತಲೆ ಹೇಗೆ ಅಂತ ನಮ್ಮ ಕಣಕಟ್ಟೆ ಕಡೆ ಯಾರು ಕೇಳ್ತಾರೆ? ಆಟ ತಾನೇ ಹಾಕಿದ ಕಟ್ಟಳೆಯನ್ನು ಮರೆತಾಗ ನಂಬಿಕೆ ಮುರಿಯುತ್ತದೆ. ಆ ಮರೆವು ಮೊದಲು ಕಾಣುವುದು ಕೇರಿಯಿಂದ ಬಂದವನಿಗೆ. ಊರಾಚೆ ಅಂದರೇನು ಅಂತ ಹೋಟೆಲಿನ ಬೇರೆ ಲೋಟದಿಂದ, ಸಿಗದ ಬಾಡಿಗೆ ಮನೆಯಿಂದ ಅವನು ಬಲ್ಲ. ಹೊರಗಿಟ್ಟವನಿಗೆ ಒಳಗೆ ಮನೆ ಇಷ್ಟು ಸಲೀಸಾಗಿ ಸಿಗಲ್ಲ.

ಹಾಗಾದರೆ ಅವನ ನೋವು ರಸಕ್ಕೆ ವಿಘ್ನವೇ? ವಿಘ್ನ ಆಟದೊಳಗೇ ಇತ್ತು. ನೋವು ಅದನ್ನು ತೋರಿಸಿಕೊಟ್ಟಿತು. ನಮ್ಮ ಕಥೆ, ಕಾದಂಬರಿಗಳನ್ನೂ ಹೀಗೇ ಕೇಳೋಣ: ಮೊದಲ ಪುಟದಲ್ಲಿ ಮುಚ್ಚಿದ ಬಾಗಿಲು ಕೊನೆಯ ಪುಟದಲ್ಲಿ ತೆರೆದಿದ್ದರೆ, ತೆಗೆದವರು ಯಾರು?