ಪಂದ್ಯ ಸೋತರೂ ಹೃದಯ ಸೋಲಬಾರದು

2022ರ ನವೆಂಬರ್ 22. ಕತಾರ್‌ನ ಲುಸೈಲ್ ಕ್ರೀಡಾಂಗಣ. ವಿಶ್ವಕಪ್ ಫುಟ್‌ಬಾಲಿನಲ್ಲಿ ಮೆಸ್ಸಿಯ ಅರ್ಜೆಂಟೀನಾವನ್ನು ಸೌದಿ ಅರೇಬಿಯಾ 2-1ರಿಂದ ಸೋಲಿಸಿತು. ಸತತ 36 ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ತಂಡ ಅದು! ಸೌದಿಯಲ್ಲಿ ಜನ ಬೀದಿಗಿಳಿದು ಕುಣಿದರು. ಮರುದಿನ ದೇಶಕ್ಕೇ ರಜೆ. ಅರ್ಜೆಂಟೀನಾದ ಅಭಿಮಾನಿಗಳು ಮಾತು ಹೊರಡದೆ ಕುಳಿತರು.

ಕುಣಿದವರಿಗೂ ಅತ್ತವರಿಗೂ ದೇಹದೊಳಗೆ ಆಗುವುದು ಬಹುಮಟ್ಟಿಗೆ ಒಂದೇ. ಉದ್ವೇಗದಲ್ಲಿ ಅಡ್ರಿನಲಿನ್ ಸ್ರವಿಸುತ್ತದೆ. ನಾಡಿಬಡಿತ, ರಕ್ತದೊತ್ತಡ ಏರುತ್ತವೆ. ಆರೋಗ್ಯವಂತರಲ್ಲಿ ಇವು ಸ್ವಲ್ಪ ಹೊತ್ತಿಗೆ ಇಳಿಯುತ್ತವೆ. ಹೃದಯದ ರಕ್ತನಾಳ ಮೊದಲೇ ಕಿರಿದಾಗಿದ್ದವರಿಗೆ ಮಾತ್ರ ಅಪಾಯ ಹೆಚ್ಚು.

ಇದು ಬರಿಯ ಊಹೆಯಲ್ಲ. 2006ರ ವಿಶ್ವಕಪ್ ವೇಳೆ ಮ್ಯೂನಿಕ್ ಪ್ರದೇಶದ ವೈದ್ಯರು ಲೆಕ್ಕವಿಟ್ಟರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗಿಂತಲೂ ಹೆಚ್ಚಿದ್ದವು. ಮೊದಲೇ ಹೃದ್ರೋಗವಿದ್ದವರಲ್ಲಿ ಸುಮಾರು ನಾಲ್ಕು ಪಟ್ಟು. ಪಂದ್ಯ ಶುರುವಾದ ಮೊದಲ ಎರಡು ಗಂಟೆಗಳಲ್ಲೇ ಹೆಚ್ಚು.

ಆದ್ದರಿಂದ ಪಂದ್ಯದ ಗಡಿಬಿಡಿಯಲ್ಲಿ ಮಾತ್ರೆ ತಪ್ಪಿಸಬೇಡಿ. ಸಿಗರೇಟು, ಮದ್ಯ ಬೇಡ. ಎದೆ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ‘ಗ್ಯಾಸ್ ಇರಬೇಕು, ಪಂದ್ಯ ಮುಗಿಯಲಿ’ ಎಂದು ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಹೃದ್ರೋಗವಿರುವ ಹಿರಿಯರು ನಡುರಾತ್ರಿ ಪಂದ್ಯ ನೋಡುತ್ತಿದ್ದರೆ ಮನೆಯವರೊಬ್ಬರು ಜೊತೆಗಿರಿ.

ಅಂದು ಸೋತ ಅರ್ಜೆಂಟೀನಾ, ಡಿಸೆಂಬರ್ 18ರಂದು ಅದೇ ಕ್ರೀಡಾಂಗಣದಲ್ಲಿ ವಿಶ್ವಕಪ್ ಗೆದ್ದಿತು. ಅಂಥ ಗೆಲುವನ್ನು ನೋಡಲು ನಾವು ಇರಬೇಕಲ್ಲವೇ?