ಸಂಸತ್ತು ನಮ್ಮ ಜಗಲಿಗೆ ಬಂದ ಬಗೆ



ಊರಿನ ಬಯಲಾಟಕ್ಕೆ ಹೋಗಲಾಗದವರು ಏನು ಮಾಡುತ್ತಾರೆ? ಮರುದಿನ ಬೆಳಗ್ಗೆ ಚಾದ ಅಂಗಡಿಯಲ್ಲಿ ಕುಳಿತು, ಆಟ ನೋಡಿ ಬಂದವರಲ್ಲಿ ವಿಚಾರಿಸುತ್ತಾರೆ. ಬಣ್ಣದ ವೇಷ ಭರ್ಜರಿಯಾಗಿತ್ತೆಂದು ಒಬ್ಬರು, ಭಾಗವತಿಕೆ ಏರಲೇ ಇಲ್ಲವೆಂದು ಇನ್ನೊಬ್ಬರು. ಎರಡೂ ನಿಜವಿರಬಹುದು. ಆದರೆ ಕೇಳಿದವನಿಗೆ ಸಿಕ್ಕಿದ್ದು ಆಟವಲ್ಲ, ಆಟದ ಸುದ್ದಿ. ನಮ್ಮ ದೇಶದ ಸಂಸತ್ತಿನ ವಿಷಯದಲ್ಲಿಯೂ ಬಹುಕಾಲ ಹೀಗೆಯೇ ಇತ್ತು.

ನಮ್ಮ ಗಡಿನಾಡಿಗೆ ಇದು ದೂರದ ಮಾತಲ್ಲ. ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿದ್ದವರು ಫಜಲ್ ಆಲಿ, ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಎಂಬ ಮೂವರು. 1955ರ ಸೆಪ್ಟೆಂಬರ್ ಕೊನೆಗೆ ಅವರ ವರದಿ ಬಂತು. 1956ರಲ್ಲಿ ಸಂಸತ್ತು ಕಾನೂನು ಮಾಡಿತು. ಅದೇ ವರ್ಷ ನವೆಂಬರ್ 1ರಂದು, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಹಿರಿಯರ ಬದುಕನ್ನು ಬದಲಿಸಿದ ಆ ಚರ್ಚೆಯನ್ನು ಅವರಲ್ಲಿ ಕಣ್ಣಾರೆ ಕಂಡವರು ಎಷ್ಟು ಮಂದಿ? ಪತ್ರಿಕೆಯಲ್ಲಿ ಬಂದಷ್ಟು ಓದಿದರು, ರೇಡಿಯೋದಲ್ಲಿ ಹೇಳಿದಷ್ಟು ಕೇಳಿದರು. ದೆಹಲಿಯಲ್ಲಿ ದೂರದರ್ಶನ ಆರಂಭವಾದದ್ದೇ 1959ರಲ್ಲಿ.

ಇಲ್ಲಿ ಒಂದು ವಿಷಯವನ್ನು ನೀವು ನೆನಪಿಡಬೇಕು. ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರವನ್ನು ಸಂವಿಧಾನದ 3ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಮಸೂದೆಯನ್ನು ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯಕ್ಕೆ ಕಳುಹಿಸಬೇಕು, ನಿಜ. ಆದರೆ ಆ ಅಭಿಪ್ರಾಯಕ್ಕೆ ಸಂಸತ್ತು ಕಟ್ಟುಬೀಳಬೇಕೆಂದಿಲ್ಲ. ಗಡಿಯಲ್ಲಿ ಬಾಳುವವರಿಗೆ ಸಂಸತ್ತಿನ ಮಾತು ಮುಖ್ಯವಾಗುವುದು ಇದರಿಂದಲೇ.

ಸಂಸತ್ತಿಗೆ ಕ್ಯಾಮರಾ ಬಂದದ್ದು ಮೆಲ್ಲಮೆಲ್ಲನೆ. 1989ರ ಡಿಸೆಂಬರ್ 20ರಂದು, ಉಭಯ ಸದನಗಳನ್ನು ಉದ್ದೇಶಿಸಿ ರಾಷ್ಟ್ರಪತಿಗಳು ಮಾಡಿದ ಭಾಷಣ ಮೊದಲ ಬಾರಿಗೆ ನೇರವಾಗಿ ಪ್ರಸಾರವಾಯಿತು. 1991ರ ಕೊನೆಯಲ್ಲಿ ಪ್ರಶ್ನೋತ್ತರ ವೇಳೆಯನ್ನು ಮುದ್ರಿಸಿಕೊಂಡು ಮರುದಿನ ತೋರಿಸತೊಡಗಿದರು. 1992ರಲ್ಲಿ ಮುಂಗಡಪತ್ರದ ನೇರ ಪ್ರಸಾರವಾಯಿತು. 2004ರಲ್ಲಿ ಎರಡು ಸದನಗಳಿಗೂ ಬೇರೆ ಬೇರೆ ವಾಹಿನಿ ಬಂತು. ಸೋಮನಾಥ ಚಟರ್ಜಿಯವರು ಸ್ಪೀಕರ್ ಆಗಿದ್ದಾಗ, 2006ರಲ್ಲಿ, ಲೋಕಸಭಾ ಟಿವಿ ಸ್ವಂತ ಕಾಲಿನ ಮೇಲೆ ನಿಂತಿತು. 2011ರಲ್ಲಿ ರಾಜ್ಯಸಭಾ ಟಿವಿ ಬಂತು. 2021ರ ಸೆಪ್ಟೆಂಬರ್ 15ರಂದು ಇವೆರಡನ್ನೂ ಕೂಡಿಸಿ ಸಂಸದ್ ಟಿವಿ ಎಂದು ಹೆಸರಿಟ್ಟರು.

ಇಂತಹ ವಾಹಿನಿಯ ಕೆಲಸ ಕಲಾಪ ತೋರಿಸುವುದಷ್ಟೇ ಅಲ್ಲ, ಚರಿತ್ರೆ ಹೇಳುವುದೂ ಹೌದು. ಸಂವಿಧಾನ ರಚನಾ ಸಭೆಯ ಕಥೆಯನ್ನು ಶ್ಯಾಮ್ ಬೆನಗಲ್ ಅವರು ಹತ್ತು ಕಂತುಗಳಲ್ಲಿ ಚಿತ್ರಿಸಿದರು. 2014ರಲ್ಲಿ ರಾಜ್ಯಸಭಾ ಟಿವಿ ಅದನ್ನು ಬಿತ್ತರಿಸಿತು. ಆ ಸಭೆಗೆ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾಯರು ಹುಟ್ಟಿದ್ದು ನಮ್ಮ ನೆರೆಯ ಮಂಗಳೂರಿನಲ್ಲಿ.

ಅಮೇರಿಕದಲ್ಲಿ ಈ ಕೆಲಸ ನಮಗಿಂತ ಮೊದಲೇ ಆರಂಭವಾಯಿತು. ಬ್ರಿಯಾನ್ ಲ್ಯಾಂಬ್ ಎಂಬವರು ಕಟ್ಟಿದ ಸಿ-ಸ್ಪ್ಯಾನ್ ವಾಹಿನಿ 1979ರ ಮಾರ್ಚ್ 19ರಂದು ಅಲ್ಲಿನ ಪ್ರತಿನಿಧಿ ಸಭೆಯನ್ನು ತೋರಿಸತೊಡಗಿತು. 1986ರಲ್ಲಿ ಸೆನೆಟ್ ಕೂಡ ತೆರೆಯ ಮೇಲೆ ಬಂತು. 2011ರಿಂದ ಕೆಲವು ವರ್ಷ ವಾರದ ಕೊನೆಯಲ್ಲಿ ಅದರ ಮೂರನೆಯ ವಾಹಿನಿ ಆ ದೇಶದ ಚರಿತ್ರೆಗೆ ಮೀಸಲಾಯಿತು. ಅದನ್ನು ಕಟ್ಟಿ ಸಾಕಿದ್ದು ಕೇಬಲ್ ಕಂಪೆನಿಗಳ ಹಣ, ಸರಕಾರದ್ದಲ್ಲ. ಆದರೂ ಸಭೆಯೊಳಗಿನ ಕ್ಯಾಮರಾ ವಾಹಿನಿಯದ್ದಲ್ಲ, ಸಭೆಯದ್ದು.

ಕ್ಯಾಮರಾ ಯಾರ ಕೈಯಲ್ಲಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ. 1984ರಲ್ಲಿ ಅಮೇರಿಕದ ಕೆಲವು ಸದಸ್ಯರು ಕಲಾಪ ಮುಗಿದ ಮೇಲೆ ಆವೇಶದಿಂದ ಭಾಷಣ ಮಾಡುತ್ತಿದ್ದರು. ಮನೆಯಲ್ಲಿ ನೋಡುವವರಿಗೆ ಸಭೆ ತುಂಬಿದೆಯೆಂದೇ ಅನಿಸುತ್ತಿತ್ತು. ಸ್ಪೀಕರ್ ಟಿಪ್ ಓನೀಲ್ ಅವರು ಕ್ಯಾಮರಾವನ್ನು ಸುತ್ತ ತಿರುಗಿಸಲು ಹೇಳಿದಾಗ, ಕಂಡದ್ದು ಖಾಲಿ ಕುರ್ಚಿಗಳು. ನಮ್ಮಲ್ಲಿ 2014ರ ಫೆಬ್ರವರಿ 18ರಂದು, ಆಂಧ್ರಪ್ರದೇಶವನ್ನು ವಿಭಜಿಸಿ ತೆಲಂಗಾಣ ರಚಿಸುವ ಮಸೂದೆ ಲೋಕಸಭೆಯಲ್ಲಿ ಅಂಗೀಕಾರವಾಗುತ್ತಿದ್ದಾಗಲೇ ನೇರ ಪ್ರಸಾರ ನಿಂತುಹೋಯಿತು. ತಾಂತ್ರಿಕ ತೊಂದರೆಯೆಂದು ವಿವರಣೆ ಬಂತು. ಬೇಕೆಂದೇ ನಿಲ್ಲಿಸಿದರೆಂದು ವಿರೋಧಿಗಳು ದೂರಿದರು. ಯಾರ ಮಾತು ಸರಿಯೋ, ಒಂದು ರಾಜ್ಯದ ಗಡಿ ಬದಲಾಗುವ ಗಳಿಗೆಯಲ್ಲಿ ಜನರ ಎದುರಿಗಿದ್ದ ಪರದೆ ಮಾತ್ರ ಬರಿದಾಗಿತ್ತು. 1956ನ್ನು ಕಂಡ ನಾಡಿನವರಿಗೆ ಇದರ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಿತಿಯೂ ಇದೆ. ಕ್ಯಾಮರಾ ತೋರಿಸುವುದು ರಂಗಸ್ಥಳವನ್ನು, ಚೌಕಿಯನ್ನಲ್ಲ. 1993ರಿಂದ ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯೀ ಸಮಿತಿಗಳು ಇವೆ. ಮಸೂದೆಗಳನ್ನೂ ಖರ್ಚುವೆಚ್ಚವನ್ನೂ ಕೂಲಂಕಷವಾಗಿ ಪರಿಶೀಲಿಸುವುದು ಅಲ್ಲಿ. ಆ ಸಭೆಗಳು ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತವೆ. ಅವುಗಳ ವರದಿ ಮಾತ್ರ ನಮಗೆ ಸಿಗುತ್ತದೆ. ಆದುದರಿಂದ ಸದನದ ಗಲಾಟೆಯನ್ನಷ್ಟೇ ನೋಡಿ, ಅಲ್ಲಿ ಕೆಲಸವೇ ನಡೆಯುವುದಿಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ.

ಭಾಷೆಯ ಮಾತಿಗೆ ಬರೋಣ. ಸಂವಿಧಾನದ 120ನೇ ವಿಧಿಯಂತೆ ಸಂಸತ್ತಿನ ವ್ಯವಹಾರ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಈ ಎರಡೂ ಸರಿಯಾಗಿ ಬಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. 1967ರಲ್ಲಿ ಆಯ್ಕೆಯಾಗಿ ಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಮಾತಾಡಿ ದಾರಿ ತೆರೆದರು. 2018ರಿಂದ ರಾಜ್ಯಸಭೆಯಲ್ಲಿ 8ನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದದ ಏರ್ಪಾಡು ಇದೆ. ತಿರುವನಂತಪುರದ ಕೇರಳ ವಿಧಾನಸಭೆಯಲ್ಲಿ 2021ರಲ್ಲಿ ಮಂಜೇಶ್ವರದ ಶಾಸಕ ಎ. ಕೆ. ಎಂ. ಅಶ್ರಫ್ ಅವರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದುದನ್ನು ನೀವು ನೋಡಿರಬಹುದು. ಕೆಲವೇ ಮಾತುಗಳು. ಆದರೆ ಇಲ್ಲಿಯೂ ಕನ್ನಡಿಗರಿದ್ದಾರೆ ಎಂಬುದಕ್ಕೆ ಅದೊಂದು ಸಾಕ್ಷಿ.

ಹಾಗಾದರೆ ಏನನ್ನು ನೋಡಬೇಕು? ಅಧಿವೇಶನ ನಡೆಯುವಾಗ ಬೆಳಗ್ಗೆ 11 ಗಂಟೆಗೆ ಲೋಕಸಭೆಯ ಪ್ರಶ್ನೋತ್ತರ ವೇಳೆಯಿಂದ ತೊಡಗಿರಿ. ನಕ್ಷತ್ರ ಗುರುತಿನ ಪ್ರಶ್ನೆಗಳಿಗೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ತಾಳಮದ್ದಳೆಯಲ್ಲಿ ಎದುರು ಅರ್ಥಧಾರಿ ಎತ್ತಿದ ಮಾತಿಗೆ ಜಾರಿಕೊಳ್ಳದೆ ಉತ್ತರ ಕೊಟ್ಟರೋ ಇಲ್ಲವೋ ಎಂದು ಗುರುತಿಸುವ ಕಿವಿ ನಿಮಗಿದೆ. ಅದೇ ಕಿವಿಯನ್ನು ಇಲ್ಲಿಗೂ ಕೊಡಿ. ಕಾಸರಗೋಡಿನಿಂದ ಎ. ಕೆ. ಗೋಪಾಲನ್, ಐ. ರಾಮ ರೈ, ಎಂ. ರಾಮಣ್ಣ ರೈ ಮುಂತಾದವರು ಲೋಕಸಭೆಗೆ ಹೋದರು. ಹಳೆಯ ಕಾಲದ ಸದಸ್ಯರ ಮಾತುಗಳೂ ವ್ಯರ್ಥವಾಗಿ ಹೋಗಿಲ್ಲ. 1952ರಿಂದೀಚೆಗಿನ ಲೋಕಸಭೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಸಿಗುತ್ತವೆ. 1956ರ ಪುಟಗಳೂ ಅಲ್ಲಿವೆ. ಮನೆಯ ಮಕ್ಕಳಿಗೆ ಹೇಳಿ ತೆರೆಸಿರಿ, ಅಜ್ಜ ಅಜ್ಜಿಯರ ಎದುರಿಗೆ ಓದಿಸಿರಿ.

ಆಟದ ಸುದ್ದಿ ಹೇಳುವವರು ಯಾವ ಕಾಲದಲ್ಲಿಯೂ ಇರುತ್ತಾರೆ, ಇರಲಿ. ಅವರ ಮಾತನ್ನು ನಂಬುವ ಮೊದಲು ಒಮ್ಮೆ ಆಟವನ್ನೇ ನೋಡಿಬಿಡಿ.